ಹತ್ತು ತಾಸಿನ ಮಳೆ

ಮನೆಯೊಳಗೆ ಫೋನ್ ಕರೆ ಹತ್ತುತ್ತಿತ್ತು, ನೆಟ್ ಮಾತ್ರ ಸಿಗುತ್ತಿರಲಿಲ್ಲ. ಹೇಮಂತ ಹೆಂಡತಿಯ ಮೊಬೈಲು ಹಿಡಿದು ಮಾಳಿಗೆಯ ಮೇಲೆ ನಿಂತು, ಹತ್ತು ತಾಸಿನ ಮಳೆಯ ಸದ್ದನ್ನು ಪೂರ್ತಿ ಡೌನ್‌ಲೋಡ್ ಮಾಡಿಕೊಂಡೇ ಕೆಳಗಿಳಿದ. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಆಗಷ್ಟೇ ಬಂದ ಸ್ನೇಹಲ, ಹೆಗಲ ಬ್ಯಾಗನ್ನೂ ಇಳಿಸದೆ ಹೊಸ್ತಿಲ ಮೇಲೆ ಕುಸಿದು ಕುಳಿತಿದ್ದಳು.

“ಇನ್ನ ನಡುವ ನಿಲ್ಲಂಗಿಲ್ಲ, ಜಾಹೀರಾತೂ ಬರಂಗಿಲ್ಲ,” ಅಂದ. “ನೆಟ್ ಇರಲಿ ಬಿಡಲಿ, ಮಳಿ ಸುರೀತನ ಇರತದ.”

ಇಟ್ಟಂಗಿಹಾಳ ರಸ್ತೆಯ ಆ ಮನೆಗೆ ಬಂದಾಗಿನಿಂದ ಅವಳಿಗೆ ಹಗಲುನಿದ್ದೆ ಹತ್ತುತ್ತಿರಲಿಲ್ಲ. ಎದುರಿಗೇ ಹಿಟ್ಟಿನ ಗಿರಣಿ. ಹಾಡು ಹಚ್ಚಿಕೊಂಡು ಸಾಲುಗಟ್ಟಿ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ. ಹಿಂದಿನ ರಾತ್ರಿ ವಾರ್ಡಿನಲ್ಲಿ ಒಬ್ಬರ ಇಂಜೆಕ್ಷನ್ ಇನ್ನೊಬ್ಬರ ತೋಳಿಗೆ ಚುಚ್ಚುವುದರಲ್ಲಿದ್ದಳು. ರೋಗಿಯ ಮಗಳು ಗಪ್ಪನೆ ಕೈ ಹಿಡಿದದ್ದಕ್ಕೆ ಉಳಿಯಿತು. ಬಂದವಳೇ ಅದನ್ನು ಗಂಡನಿಗೆ ಹೇಳಿದ್ದಳು.

ಅಡಿಗೆಮನೆಯಿಂದ ಅತ್ತೆ ಆನಂದೀಬಾಯಿ ಬಂದು ಅವಲಕ್ಕಿಯ ತಾಟನ್ನು ಸೊಸೆಯ ತೊಡೆಯ ಮೇಲಿಟ್ಟರು. “ಫೋನೂ ಬಂದ್ ಮಾಡಿ ಮಲ್ಕೊ ನೀ. ದವಾಖಾನಿಯವ್ರು ಹಗಲಾಗೂ ಫೋನ್ ಹಚ್ಚಿ ಜೀವಾ ತಿಂತಾರ. ಮನಿ ನಾ ನೋಡ್ಕೋತೇನಿ.”

ಫೋನ್ ಪೂರ್ತಿ ಬಂದ್ ಮಾಡಿದರೆ ಮಳೆಯೂ ನಿಲ್ಲುತ್ತದಲ್ಲ! ಹೇಮಂತ ಅದನ್ನು ಫ್ಲೈಟ್ ಮೋಡಿಗೆ ಹಾಕಿ, ಕರೆ ಬಾರದಂತೆ ಮಾಡಿ, ಇಯರ್‌ಫೋನನ್ನು ತಾನೇ ಅವಳ ಕಿವಿಗೆ ಸಿಕ್ಕಿಸಿದ. ಒಳಕೋಣೆಯ ಕದ ಮುಂದೆ ಮಾಡುವಷ್ಟರಲ್ಲಿ ಅವಳ ಉಸಿರು ನಿಧಾನವಾಗಿತ್ತು. ಟಿಕೋಟಾದ ಶಾಲೆಯಲ್ಲಿ ಮಾಸ್ತರನಾಗಿದ್ದ ಅವನ ಮನಸ್ಸು ಮಧ್ಯಾಹ್ನದವರೆಗೂ ಹಗುರವಾಗಿತ್ತು. ತುಂಟ ಹುಡುಗರನ್ನೂ ಗದರಲಿಲ್ಲ.

ಮಧ್ಯಾಹ್ನದ ಮೇಲೆ ಫೋನ್ ಬಂತು. ಎದುರಿನ ಗಿರಣಿಯ ಸುರೈಯಾ. “ಮಾಸ್ತರ್ರ, ಲಗೂನ ಬರ್ರಿ. ನಿಮ್ಮ ನರ್ಸ್ ಬಾಯಾರು ಚೀರಿದ್ದು ಗಿರಣಿ ಸಪ್ಪಳದಾಗೂ ಕೇಳಿ ಓಡಿಬಂದೇನ್ರಿ. ನಿಮ್ಮ ಅವ್ವಾರು...”

ಅವನು ಬಂದಾಗ ಅವ್ವ ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ಮಲಗಿದ್ದಳು. ನಡುಮನೆಯಿಂದ ಅಲ್ಲಿಯವರೆಗೆ ತೆವಳಿಕೊಂಡು ಬಂದದ್ದು ಸೀರೆಯ ಮಡಿಕೆಯಲ್ಲಿ ಮೆತ್ತಿದ ಧೂಳಿನಿಂದಲೇ ತಿಳಿಯುತ್ತಿತ್ತು. ಅವಳ ಗುಂಡಿ ಒತ್ತುವ ಸಣ್ಣ ಫೋನು ಇನ್ನೂ ಮುಷ್ಟಿಯಲ್ಲಿತ್ತು. ತಣ್ಣಗಾದ ಎದೆಯನ್ನು ಒತ್ತಿ ಒತ್ತಿ ಸೋತ ಸ್ನೇಹಲ ಗೋಡೆಗೆ ಒರಗಿ ತನ್ನ ಕೈಗಳನ್ನೇ ನೋಡುತ್ತಿದ್ದಳು. ಹೃದಯಾಘಾತ, ಜೀವ ಹೋಗಿ ಬಹಳ ಹೊತ್ತಾಗಿದೆ ಎಂದು ಡಾಕ್ಟರು ಹೇಳಿ ಹೋದರು.

ಬಂಧುಗಳಿಗೆ ತಿಳಿಸಬೇಕಿತ್ತು. ಹೇಮಂತನ ಫೋನಿನ ಬ್ಯಾಟರಿ ಸತ್ತಿತ್ತು. ಹೆಂಡತಿಯ ಫೋನ್ ಎತ್ತಿಕೊಂಡು ಫ್ಲೈಟ್ ಮೋಡ್ ತೆಗೆದ. ತೆಗೆದದ್ದೇ ತಡ, ಒಂದರ ಹಿಂದೊಂದು ಸಂದೇಶ ಬಂದು ಬಿದ್ದವು: ಈ ನಂಬರಿನಿಂದ ನಿಮಗೆ ಕರೆ ಬಂದಿತ್ತು, ಈ ನಂಬರಿನಿಂದ ನಿಮಗೆ ಕರೆ ಬಂದಿತ್ತು. ಎಲ್ಲವೂ ಅವ್ವನ ನಂಬರೇ. ಟಿಕೋಟಾದಲ್ಲಿದ್ದ ಮಗನಿಗೆ ಅವ್ವ ಫೋನ್ ಹಚ್ಚಿರಲಿಲ್ಲ. ಗೋಡೆಯಾಚೆ ಮಲಗಿದ್ದ ನರ್ಸ್ ಸೊಸೆಗೆ ಹಚ್ಚಿದ್ದಳು. ಬಂದ್ ಮಾಡೆಂದು ತಾನೇ ಹೇಳಿದ್ದನ್ನು ಆ ಸಂಕಟದಲ್ಲಿ ಮರೆತು, ಕೂಗು ಕೇಳದಿದ್ದರೆ ಫೋನಾದರೂ ಎಬ್ಬಿಸೀತು ಅಂದುಕೊಂಡಿರಬೇಕು. ಹೇಮಂತ ಗಬಕ್ಕನೆ ಫೋನ್ ಬೋರಲು ಹಾಕಿದ. ಅಷ್ಟರಲ್ಲಿ ಸ್ನೇಹಲ ಓದಿಯಾಗಿತ್ತು.

ಸಂಜೆ ಬಬಲೇಶ್ವರದಿಂದ ಮಾಂವಶಿ, ಅವ್ವನ ತಂಗಿ, ಬಂದು ಹೆಣದ ಮುಂದೆ ಅತ್ತು ಅತ್ತು ಸಾಕಾಗಿ, ಮೂಗು ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು.

“ಅಲ್ಲವಾ, ಒಂದ ಮನ್ಯಾಗಿದ್ದು ನಿನಗ ತಿಳೀಲಿಲ್ಲೇನು? ಮಂದಿ ಜೀವಾ ಉಳಸಾಕಿ ನೀ.”

“ಅವ್ವ ಕರೀಲೇ ಇಲ್ಲ ಮಾಂವಶಿ,” ಹೇಮಂತ ನಡುವೆ ಬಾಯಿ ಹಾಕಿದ. “ನಿದ್ದ್ಯಾಗ ಹೋಗ್ಯಾಳ. ಆಕಿಗೂ ಗೊತ್ತಾಗಿಲ್ಲ.”

ಸ್ನೇಹಲ ತಲೆಯೆತ್ತಿದಳು. “ಕರದಾರ,” ಅಂದಳು, ಎಲ್ಲರಿಗೂ ಕೇಳುವಂತೆ. “ಸಾಯೋತನಕಾ ಕರದಾರ. ನಾ ಮಳಿ ಕೇಳಿಕೋತ ಮಲಗಿದ್ದೆ.”

ಯಾರಿಗೂ ಏನೂ ಅರ್ಥವಾಗಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಮಾಂವಶಿಯೇ ಅವಳನ್ನು ತಬ್ಬಿಕೊಂಡಳು. ಇಯರ್‌ಫೋನ್ ಸಿಕ್ಕಿಸಿದ್ದು ನಾನು, ಕರೆ ಬಾರದಂತೆ ಮಾಡಿದ್ದೂ ನಾನು ಎಂದು ಹೇಳಲು ಹೇಮಂತ ಎರಡು ಸಲ ಬಾಯಿ ತೆರೆದ. ಎರಡೂ ಸಲ ಹೆಣದ ತಲೆದೆಸೆಯ ದೀಪದ ಬತ್ತಿ ಸರಿಮಾಡಿದ.

ದಿನ, ಕರ್ಮಗಳೆಲ್ಲ ಮುಗಿದವು. ಬಂಧುಗಳು ಅವರವರ ಊರು ಸೇರಿದರು. ಸ್ನೇಹಲ ಮತ್ತೆ ರಾತ್ರಿಪಾಳಿಗೆ ಹೊರಟಳು. ಮೊದಲ ಪಾಳಿ ಮುಗಿಸಿ ಬೆಳಿಗ್ಗೆ ಬಂದವಳು ಕಾಲು ತೊಳೆದು, ಏನೂ ತಿನ್ನದೆ ಹಾಸಿಗೆ ಹಾಸಿಕೊಂಡಳು. ಟಿಕೋಟಾದ ಬಸ್ಸಿಗೆ ಹೊತ್ತಾಗಿತ್ತು. ಹೇಮಂತ ಹೊರಡುವ ಮುನ್ನ ಒಳಕೋಣೆಯ ಕದ ಎಳೆಯಹೋದ.

“ಹಾಕಬ್ಯಾಡ್ರಿ.”

“ಬಿಸಲು ಬರತದ ಸ್ನೇಹಾ. ನಿದ್ದಿ ಹತ್ತಂಗಿಲ್ಲ.”

“ತೆರದ ಇರಲಿ.”

“ಮನ್ಯಾಗ ಈಗ ಯಾರೂ ಇಲ್ಲ.”

ಅವಳು ಬಾಗಿಲ ಕಡೆ ಮುಖ ಮಾಡಿ, ಕಣ್ಣು ತೆರೆದೇ ಮಲಗಿದ್ದಳು. ಸೆರಗನ್ನು ಕಿವಿಯ ಮೇಲಿಂದ ಸರಿಸಿಕೊಂಡಳು.

“ಕರದ್ರ?” ಅಂದಳು.