ಬಾಗಿದ ಪಿನ್ನು

ಹೊಸ ಪ್ರೊಸೆಸರ್ ಕೂರಿಸಿ ಲುಂಬಿನಿ ಬಟನ್ ಒತ್ತಿದಳು. ಕಂಪ್ಯೂಟರಿನ ಫ್ಯಾನು ತಿರುಗಿತು, ದೀಪವೂ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು.

"ಹೋಯ್ತಲ್ಲ ತಂಗಿ!" ಕುರ್ಚಿಯಲ್ಲಿ ಕುಳಿತಿದ್ದ ಶರಣಕುಮಾರ ಗಡಿಯಾರ ನೋಡಿಕೊಂಡ. ಶಹಾಬಾದಿನ ಸುತ್ತ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ನಾಲ್ಕು ಗಣಿಗಳ ಸಾವಕಾರ ಅವನು. "ನಾ ಮೊದಲೇ ಹೇಳ್ದೆ. ಇಂಥಾ ದೊಡ್ಡ ಡಬ್ಬಿ ಕಾಲ ಮುಗೀತು. ವರ್ಷಕ್ಕೊಂದು ಹೊಸ ಪ್ರೊಸೆಸರ್ ಬರ್ಲಿಕತ್ತದ, ಎಷ್ಟಂತ ಅದರ ಹಿಂದ ಓಡ್ತಿ? ಹೈದ್ರಾಬಾದಿನ ಕಂಪನಿಯವ್ರ ಹಂತೇಕ ಡಬ್ಬೀನೇ ಇಲ್ಲ. ಎಲ್ಲಾ ಎಲ್ಲೋ ಇರೋ ಬಾಡಿಗಿ ಮಷೀನ್ ಮ್ಯಾಲ ಮಾಡ್ತಾರ."

"ಅವ್ರಿಗೆ ಫೋಟೋ ಕಳಸಾಕೇ ನಮ್ಮ ನೆಟ್ಟಿಗೆ ಎರಡು ದಿನ ಬೇಕ್ರಿ. ನನ್ನ ಹಳೇ ಪ್ರೊಸೆಸರ್ ಒಂಬತ್ತು ತಾಸು ತಗೋತಿತ್ತು. ಹೊಸಾದು ಎರಡು ತಾಸಿನಾಗ ಮುಗಸ್ತದ. ಡಬ್ಬಿ ಅದೇ ಇರ್ತದ, ಒಳಗಿನ ಮಿದುಳಷ್ಟೇ ಬದಲಿ."

"ಮಿದುಳು ಏಳವಲ್ದಲ್ಲ! ನಾಲ್ಕು ಗಂಟೆ ತನಕ ಕುಂದರ್ತೀನಿ ನೋಡು. ನನ್ನ ಗಣಿ ಅದರಾಗ ಕಂಡ್ರ, ನಾಲ್ಕೂ ಗಣಿ ಅಳಿಯೋ ಕೆಲಸ ನಿಂದು. ಇಲ್ಲಾಂದ್ರ ಅವ್ರಿಗೆ ಹೂಂ ಅಂತೀನಿ."

ನಿನ್ನೆ ಲುಂಬಿನಿಯ ಡ್ರೋನು ಅವನ ಒಂದು ಗಣಿಯ ಮೇಲೆ ಹಾರಾಡಿ ಸಾವಿರದ ನೂರು ಫೋಟೋ ತೆಗೆದಿತ್ತು. ಅವನ್ನೆಲ್ಲ ಹೊಲಿದು ಇಡೀ ಗಣಿಯನ್ನು ಪರದೆಯ ಮೇಲೆ ನಿಲ್ಲಿಸಬೇಕು. ಎರಡು ವರ್ಷ ಬೇರೆಯವರ ಹೆಸರಿನಲ್ಲಿ ಇದೇ ಕೆಲಸ ಮಾಡಿಕೊಟ್ಟ ಲುಂಬಿನಿಗೆ ಸ್ವಂತ ಹೆಸರಿನಲ್ಲಿ ಸಿಗುವ ಮೊದಲ ಕೆಲಸ ಇದು. ಆಗಲೇ ಹನ್ನೆರಡೂವರೆ. ಫೋನಿನಲ್ಲಿ ಹುಡುಕಿದವಳು ಹಣೆ ಬಡಿದುಕೊಂಡಳು. ಒಳಗಿನ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತೇ ಇಲ್ಲ. ಹಳೆಯದು ಕೂತಿರುವಾಗಲೇ ಬೋರ್ಡಿನ ಸಾಫ್ಟ್‌ವೇರ್ ಬದಲಿಸಿಕೊಳ್ಳಬೇಕಿತ್ತು, ಗಡಿಬಿಡಿಯಲ್ಲಿ ಮರೆತಿದ್ದಳು. ಸರಿ, ಹಳೆಯದನ್ನೇ ಮತ್ತೆ ಕೂರಿಸಿದರಾಯಿತು ಎಂದು ಮೇಜಿನ ಮೂಲೆಗೆ ಕೈ ಚಾಚಿದಳು. ಅಲ್ಲಿ ಏನೂ ಇರಲಿಲ್ಲ.

"ಅವ್ವಾ! ಇಲ್ಲಿ ಇಟ್ಟಿದ್ದು ಎಲ್ಲದ?"

ಅನಸುಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಆ ಚೌಕ ಬಿಲ್ಲಿ? ಮ್ಯಾಲ ರಾಡಿ ಮೆತ್ತಿತ್ತಲ್ಲವಾ. ಹಸಿ ಅರಬಿಲೇ ಒರಸಿ ಬಿಸಲಿಗೆ ಇಟ್ಟೀನಿ."

ಪ್ರೊಸೆಸರಿನ ಬಿಸಿ ಎಳೆದುಕೊಳ್ಳಲು ಹಚ್ಚುವ ಪೇಸ್ಟಿಗೂ ಫರ್ಸಿ ಪಾಲಿಶ್ ಮಾಡುವಾಗ ಹರಿಯುವ ರಾಡಿಗೂ ಒಂದೇ ಬೂದು ಬಣ್ಣ. ಈ ಊರಿನಲ್ಲಿ ಹೊಸ್ತಿಲು, ಚಪ್ಪಲಿ, ಮಕ್ಕಳ ಮೊಣಕಾಲು, ಎಲ್ಲೇ ಆ ಬಣ್ಣ ಕಂಡರೂ ಹೆಂಗಸರ ಕೈ ಒರೆಸದೆ ಬಿಡುವುದಿಲ್ಲ.

"ಸೀಗೇಕಾಯಿ ಹಚ್ಚಿ ಎರದಿಲ್ಲಲ್ಲ ಅನಸುಬಾಯಿ, ಅಷ್ಟೇ ಪುಣ್ಯಾ!" ಶರಣಕುಮಾರ ಹೊಟ್ಟೆ ಹಿಡಿದು ನಕ್ಕ.

ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಒಣಗುತ್ತಿದ್ದ ಪ್ರೊಸೆಸರನ್ನು ಲುಂಬಿನಿ ಎತ್ತಿ ತಂದು ಬೆಳಕಿಗೆ ಹಿಡಿದಳು. ಒಳ್ಳೆಯ ಬಿಸಿಲು, ತೇವ ಇರಲಿಲ್ಲ. ಆದರೆ ಕೂದಲಿನಷ್ಟು ತೆಳ್ಳಗಿನ ನೂರಾರು ಪಿನ್ನುಗಳಲ್ಲಿ ಅಂಚಿನದೊಂದು ಬಾಗಿ ಮಲಗಿತ್ತು. ನೆಟ್ಟಗೆ ಮಾಡಲು ಉಗುರು ಹಾಕಿದರೆ ಪಕ್ಕದ ಪಿನ್ನುಗಳಿಗೂ ತಾಗುತ್ತಿತ್ತು.

"ಮುಗೀತವ್ವಾ. ಇದು ಕುಂದರಂಗಿಲ್ಲ ಇನ್ನ."

ಅನಸುಬಾಯಿ ಕೈ ತೊಳೆದುಕೊಂಡು ಮೂಗಿನ ಮೇಲೆ ಚಾಳೀಸು ಏರಿಸಿದಳು. "ಅಳಬ್ಯಾಡ. ಇಲ್ಲಿ ಕೊಡು." ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು.

"ಹಗೂರ ಅವ್ವಾ, ಮುರೀತಂದ್ರ..."

"ಹದಿನಾಲ್ಕು ವರ್ಷ ಫರ್ಸಿ ಸೀಳೀನಿ. ಎಷ್ಟು ಒತ್ತಿದ್ರ ಏಳ್ತದ, ಎಷ್ಟಕ್ಕ ಮುರೀತದ, ಅದು ಕೈಗೆ ಗೊತ್ತಿರ್ತದ. ಮೇಜು ಅಳಗಾಡಸಬ್ಯಾಡ್ರಿ ಇಬ್ರೂ."

ಶರಣಕುಮಾರ ನಗುವುದನ್ನು ಬಿಟ್ಟು ಎದ್ದುಬಂದ. ತನ್ನ ಫೋನಿನ ಬೆಳಕು ಹಚ್ಚಿ ಹಿಡಿದ. ಸೂಜಿಯ ತುದಿ ಪಿನ್ನಿನ ಕೆಳಗೆ ಹೋಯಿತು. ಅನಸುಬಾಯಿ ಎಳ್ಳಿನಷ್ಟು ಎತ್ತಿದಳು, ನಿಲ್ಲಿಸಿ ನೋಡಿದಳು, ಮತ್ತೆ ಎಳ್ಳಿನಷ್ಟು ಎತ್ತಿದಳು. ಪಿನ್ನು ಸಾಲಿಗೆ ಬಂತು.

ಹಳೆ ಪ್ರೊಸೆಸರು ತನ್ನ ಜಾಗದಲ್ಲಿ ಕೂತಿತು. ಪರದೆ ಬೆಳಗಿತು. ಸಾಫ್ಟ್‌ವೇರ್ ಬದಲಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಹೊಸದನ್ನು ಇಟ್ಟು ಲುಂಬಿನಿ ಮೇಲೆ ಪೇಸ್ಟ್ ಹಚ್ಚಿದಳು. "ಇದನ್ನ ಒರಸಬ್ಯಾಡ ಮತ್ತ."

"ಒರಸಂಗಿಲ್ಲ ಹೋಗವಾ," ಅನಸುಬಾಯಿ ರೊಟ್ಟಿ ಬಡಿಯಲು ಒಳಗೆ ಹೋದಳು.

ಒಂದೂವರೆಗೆ ಕೆಲಸ ಶುರುವಾಯಿತು. ಶರಣಕುಮಾರ ಎರಡು ರೊಟ್ಟಿ ತಿಂದ. ಬದನೆಕಾಯಿ ಪಲ್ಯ ಭಾಳ ಛಲೋ ಆಗ್ಯಾದ ಅಂತ ಮೂರನೆಯದನ್ನೂ ಕೇಳಿ ಹಾಕಿಸಿಕೊಂಡ. ಮೂರು ಗಂಟೆ ಐದು ನಿಮಿಷಕ್ಕೆ ಪರದೆಯ ಮೇಲೆ ಅವನ ಗಣಿ ನಿಂತಿತ್ತು. ಒಂದೊಂದು ಮೆಟ್ಟಿಲು, ಒಂದೊಂದು ಪದರು, ತಳದಲ್ಲಿ ನಿಂತ ಹಸಿರು ನೀರು. ಲುಂಬಿನಿ ಬೆರಳು ಆಡಿಸಿದಂತೆ ಇಡೀ ಗಣಿ ಬುಗುರಿಯ ಹಾಗೆ ತಿರುಗಿತು. ಬೇಕಾದಲ್ಲಿ ಮುಟ್ಟಿದರೆ ಆಳ ಬರೆದು ತೋರಿಸಿತು.

ಶರಣಕುಮಾರ ಅಲ್ಲೇ ಹೈದ್ರಾಬಾದಿಗೆ ಫೋನ್ ಹಚ್ಚಿದ. "ಬ್ಯಾಡ್ರಿ, ನಮ್ಮ ಊರಾಗೇ ಆಯ್ತು. ಹಾಂ ಹಾಂ, ಡಬ್ಬೀ ಮ್ಯಾಲೇ! ನೀವು ಫೋಟೋ ತರಸ್ಕೊಳ್ಳೋದ್ರಾಗ ನಮ್ಮ ತಂಗಿ ವಾಡಿ ಊರ ಕಡೀ ಗಣೀದೂ ಮುಗಸ್ತಾಳ ಬಿಡ್ರಿ." ಫೋನಿಟ್ಟು ಲುಂಬಿನಿಯ ಕಡೆ ತಿರುಗಿದ. "ನಾಳೆ ಮುಂಜಾನಿ ಡ್ರೋನ್ ತಗೊಂಡು ಬಾ. ನಾಲ್ಕೂ ನಿನ್ನವೇ." ಮತ್ತೆ ಆರಾಮಾಗಿ ಕುರ್ಚಿಗೆ ಒರಗಿದ.

ಅನಸುಬಾಯಿ ಹಿಂದೆ ಬಂದು ನಿಂತಿದ್ದಳು. "ಇದ್ಯಾವ ಗಣಿ?"

"ಸಾವಕಾರ್ರ ದೊಡ್ಡ ಗಣಿ ಅವ್ವಾ. ನೀ ದುಡದಿದ್ದು."

ಹದಿನಾಲ್ಕು ವರ್ಷ ಅವಳು ಅದನ್ನು ಒಳಗಿನಿಂದಲೇ ನೋಡಿದ್ದಳು. ಹೀಗೆ ಮೇಲಿನಿಂದ, ಈ ದಡದಿಂದ ಆ ದಡದವರೆಗೆ ಒಂದೇ ನೋಟದಲ್ಲಿ, ನೋಡಿರಲೇ ಇಲ್ಲ. ಮುಖ ಪರದೆಯ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಅಲ್ಲವಾ, ಇಷ್ಟು ಆಳ ತಗದೀವೇನ್ ನಾವು, ಬರೇ ಕೈಲೇ?"

ಶರಣಕುಮಾರ ಎದ್ದು ನಿಂತು, ಕುರ್ಚಿಯನ್ನು ಅವಳ ಕಡೆ ಸರಿಸಿದ.