ಶಿವರಾತ್ರಿಯ ಬೆಳ್ಳುಳ್ಳಿ ಬೆಣ್ಣೆ

ಸುಟ್ಟ ಗೆಣಸಿಗೆ ಬೆಣ್ಣೆ ಹಚ್ಚುವಾಗ ಈಗಲೂ ಒಮ್ಮೆ ಮೂಸಿ ನೋಡುತ್ತೇನೆ.

ಸಾವಳಗಿಯ ನಮ್ಮ ಮನೆಯಲ್ಲಿ ಅಂದು ಶಿವರಾತ್ರಿ. ಉಪವಾಸವಿದ್ದ ನಮಗೆಲ್ಲ ಅವ್ವ ಕೆಂಡದಲ್ಲಿ ಗೆಣಸು ಸುಟ್ಟು, ಬೆಣ್ಣೆಗೆ ಜೀರಿಗೆ ಕಲಸಿಟ್ಟಿದ್ದಳು. ಸಣ್ಣ ತಮ್ಮನಿಗೆ ಉಪವಾಸವಿರಲಿಲ್ಲ. ಅವನಿಗೆ ಮಾತ್ರ ಬೇರೆ ಬಟ್ಟಲಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿದ ಬೆಣ್ಣೆ. ಮಧ್ಯಾಹ್ನ ಅವನು ಮಲಗಿ ಏಳುವಷ್ಟರಲ್ಲಿ ಆ ಬಟ್ಟಲು ಬರಿದಾಗಿತ್ತು.

"ಉಪಾಸ ಕೆಡಿಸಿದವರ ಯಾರ ಬೇ?" ಅಜ್ಜಿ ಅವ್ವನನ್ನೇ ದುರುಗುಟ್ಟಿ ನೋಡಿದಳು. "ಬಾಯಿ ತಗಿ."

ಅವ್ವ ಬಾಯಿ ತೆರೆದಳು. ಅಜ್ಜಿ ಹತ್ತಿರ ಬಗ್ಗಿ ಮೂಸಿದಳು. ಏನೂ ಸಿಗದೆ ನನ್ನತ್ತ ತಿರುಗಿದಳು.

"ನೀನೂ ತಗಿಲೇ. ಹಿಂಗ, ಹಾ ಅನ್ನು," ಎಂದು ನನ್ನ ಮುಖದೆದುರು ತಾನೇ "ಹಾ" ಅಂದು ತೋರಿಸಿದಳು.

ಬೆಳ್ಳುಳ್ಳಿ ಗಪ್ಪಂತ ಮೂಗಿಗೆ ಬಡಿಯಿತು.

ನಾನು ಅವ್ವನ ಕಡೆ ನೋಡಿದೆ. ಆಕೆ ಕಣ್ಣಲ್ಲೇ ನನ್ನನ್ನು ಗದರಿಸಿ, ಮೆತ್ತಗೆ ಅಂದಳು: "ಬೆಕ್ಕ ನೆಕ್ಕಿರಬೇಕ, ಬಿಡ್ರಿ ಅತ್ತಿ."