ಚೆಂದದ ನಗೆಯ ಬಹುಮಾನ

"ಮೀಮಾ, ಬಿತ್ತು! ಬಿದ್ದೇಬಿಡ್ತು!"

ಆರು ವರ್ಷದ ಪೈಸ್ಲಿ, ಮಕ್ಕಳ ಸೌಂದರ್ಯ ಸ್ಪರ್ಧೆ ನಡೆಯುತ್ತಿದ್ದ ಹೋಟೆಲಿನ ಕಾರಿಡಾರಿನಲ್ಲಿ ಓಡಿಬಂದು ಅಜ್ಜಿ ಅರ್ಲೀನಳ ಅಂಗೈಗೆ ಪುಟ್ಟ ಹಲ್ಲೊಂದನ್ನು ಹಾಕಿದಳು. ಅವಳ ಕ್ಲಾಸಿನಲ್ಲಿ ಎಲ್ಲರ ಮುಂದಿನ ಹಲ್ಲೂ ಬಿದ್ದಿತ್ತು, ಇವಳದು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಿರಲಿಲ್ಲ. ಇವತ್ತು ಬೆಳಿಗ್ಗೆ ಸೇಬು ಕಚ್ಚಿದಾಗ ಅಂತೂ ಕಿತ್ತು ಬಂದಿತ್ತು.

"ನನ್ನ ಬಂಗಾರೀ, ದೊಡ್ಡವಳಾದೆ ಬಿಡು! ರಾತ್ರಿ ದಿಂಬಿನ ಕೆಳಗೆ ಇಟ್ಕೊಂಡು ಮಲಗು. ಹಲ್ಲಿನ ಕಿನ್ನರಿ ಬಂದು ಇದನ್ನ ತಗೊಂಡು, ನಿಂಗೇನಾದ್ರೂ ಇಟ್ಟು ಹೋಗ್ತಾಳೆ."

"ಮೊದ್ಲು ಜಡ್ಜ್‌ಗಳಿಗೆ ತೋರಿಸ್ತೀನಿ!" ಮಗು ಬಾಯಿ ಅಗಲಿಸಿ ಕಿಂಡಿ ತೋರಿಸಿ ನಕ್ಕಿತು.

ಮೇಕಪ್ ಕೋಣೆಯಿಂದ ತಾಯಿ ಶೆಲ್ಬಿ ಹೊರಬಂದಳು. "ಅಯ್ಯೋ ದೇವರೇ, ಇವತ್ತೇ ಬೀಳಬೇಕಿತ್ತಾ? ಮುಚ್ಚು ಬಾಯಿ! ಒಳ್ಳೇ ಮುದುಕಿ ಥರ ಕಾಣ್ತೀಯ."

ಮಗು ತಟ್ಟನೆ ಬಾಯಿ ಮುಚ್ಚಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಹೆತ್ತವಳ ಕಣ್ಣಿಗೆ ಮುದ್ದಾದ ಮಗುವೇ ಹೆಗ್ಗಣವಾಗಿತ್ತು.

ಶೆಲ್ಬಿ ಚೀಲದಿಂದ ಡಬ್ಬಿಯೊಂದನ್ನು ತೆಗೆದಳು. ಒಳಗೆ ಕಿಂಡಿ ಮುಚ್ಚುವ ಪುಟ್ಟ ಹಲ್ಲುಸೆಟ್ಟು. ಹಾಲುಹಲ್ಲು ಬೀಳುವ ಮೊದಲೇ ಮಕ್ಕಳ ಬಾಯಿಯ ಅಚ್ಚು ತೆಗೆಸಿ ಇದನ್ನು ಮಾಡಿಸಿಟ್ಟುಕೊಳ್ಳುವುದು ಈ ಸ್ಪರ್ಧೆಗೆ ಬರುವ ತಾಯಂದಿರ ರೂಢಿ.

ಅರ್ಲೀನಳಿಗೆ ಸಿಟ್ಟು ನೆತ್ತಿಗೇರಿತು. "ನಂಗೆ ಹಲ್ಲುಸೆಟ್ಟು ಬಂದಿದ್ದು ಅರವತ್ತಕ್ಕೆ ಕಣೇ. ಇವಳಿಗೆ ಆರಕ್ಕೇನಾ? ನಾಚಿಕೆ ಆಗಲ್ವಾ ನಿಂಗೆ?"

"ಎಲ್ರೂ ಹಾಕ್ತಾರೆ. ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ."

"ನೋವಾಗತ್ತೆ ಮಮ್ಮಿ..."

"ಚೆಂದ ಕಾಣ್ಬೇಕಂದ್ರೆ ಸ್ವಲ್ಪ ನೋವಾಗತ್ತೆ ಚಿನ್ನಾ. ಆ ಅನ್ನು."

ಅಂಟಿಸಿದ ರೆಪ್ಪೆ, ಕಟ್ಟಿದ ಚೌರಿ, ಬಿಸಿಲಿಗೆ ಮಾಗಿದಂತೆ ಕಾಣಲೆಂದು ಮೈಗೆಲ್ಲ ಸಿಂಪಡಿಸಿದ ಕಂದುಬಣ್ಣ, ಬಾಯೊಳಗೆ ಬೇರೆ ಯಾರದೋ ಹಲ್ಲು. ಹೀಗೆ ಮಗು ವೇದಿಕೆಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿತು. ಮಕ್ಕಳು ಮರಿ ಇರುವ ದೊಡ್ಡ ಮನುಷ್ಯರು ಸಾಲಾಗಿ ಕೂತು ಆ ಕೂಸನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂಕ ಹಾಕಿದರು. ಥೂ, ಸಂತೆಯಲ್ಲಿ ಕರು ಕೊಳ್ಳುವವನೂ ಇಷ್ಟು ನೋಡಲಾರ.

"ಅತಿ ಚೆಂದದ ನಗೆಯ ಬಹುಮಾನ, ನಮ್ಮ ಡೋಥನ್ ಊರಿನ ಪುಟಾಣಿ ಪೈಸ್ಲಿಗೆ!"

ಸಭಾಂಗಣವೆಲ್ಲ ಚಪ್ಪಾಳೆ. ಶೆಲ್ಬಿ ಆನಂದದಿಂದ ಅತ್ತೇಬಿಟ್ಟಳು. ಅರ್ಲೀನ್ ಚಪ್ಪಾಳೆ ತಟ್ಟಲಿಲ್ಲ. ಅವಳ ಮುಷ್ಟಿಯಲ್ಲಿ ಹಲ್ಲಿತ್ತು.

ಕಾರಿನಲ್ಲಿ ಹಿಂದಿನ ಸೀಟಿಗೆ ಮೊಮ್ಮಗಳ ಪಕ್ಕ ಕೂತು ಅವಳು ಮುಷ್ಟಿ ಬಿಡಿಸಿದಳು. "ತಗೋ ಬಂಗಾರೀ, ನಿನ್ನ ಹಲ್ಲು. ಇವತ್ತು ಕಿನ್ನರಿ ಬರ್ತಾಳಲ್ಲ?"

ಪೈಸ್ಲಿ ಹಲ್ಲನ್ನು ಮುಟ್ಟಲಿಲ್ಲ. ಬಾಯಿಂದ ಹಲ್ಲುಸೆಟ್ಟು ತೆಗೆದು ಡಬ್ಬಿಯಲ್ಲಿಟ್ಟಳು. ತಲೆಯ ಮೇಲಿನ ಬಹುಮಾನದ ಕಿರೀಟವನ್ನೂ ತೆಗೆದು, ಜೋಪಾನವಾಗಿ ಆ ಡಬ್ಬಿಗೆ ತೊಡಿಸಿದಳು.

"ಅದನ್ನ ಎಸೆದುಬಿಡು ಮೀಮಾ. ಗೆದ್ದಿದ್ದು ಇದು," ಎಂದಳು, ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು.